ಕಡಲೂರು, ಜ್ವಾಲಾಮುಖಿ, ಒಂದೇ ಕಾರು: ಕುಟುಂಬಕ್ಕೆ ನ್ಯೂಜಿಲೆಂಡೋ, ಐಸ್‌ಲ್ಯಾಂಡೋ, ಹವಾಯಿಯೋ?

ಸಮುದ್ರದ ಪಕ್ಕದ ಸಣ್ಣ ಊರುಗಳು, ಜ್ವಾಲಾಮುಖಿಯ ನೆಲ, ಎರಡನ್ನೂ ಒಂದೇ ಪ್ರವಾಸದಲ್ಲಿ ಕಾರಿನಲ್ಲೇ ಸುತ್ತಿ ನೋಡಬೇಕು ಅನ್ನುವ ಕುಟುಂಬಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಮೂರು ಹೆಸರು. ನ್ಯೂಜಿಲೆಂಡಿನ ಉತ್ತರ ದ್ವೀಪ, ಐಸ್‌ಲ್ಯಾಂಡ್, ಹವಾಯಿಯ ದೊಡ್ಡ ದ್ವೀಪ. ಮೂರೂ ಚೆನ್ನಾಗಿವೆ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಪ್ರವಾಸಗಳು ಇವು. ಒಂದು ಕಡೆ ಅಜ್ಜಿ ತಾತ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಆರಾಮಾಗಿ ಕೂರುತ್ತಾರೆ. ಇನ್ನೊಂದು ಕಡೆ ಗಾಳಿ ಎಷ್ಟಿರುತ್ತದೆ ಅಂದರೆ ಅವರು ಕಾರಿನಿಂದ ಇಳಿಯುವುದೇ ಕಷ್ಟ.

ಯಾವ ಜ್ವಾಲಾಮುಖಿ ಹೆಸರುವಾಸಿ, ಯಾವುದರ ಫೋಟೋ ಚೆನ್ನಾಗಿ ಬರುತ್ತದೆ ಅಂತ ನೋಡಿ ಆರಿಸಬೇಡಿ. ಮೊದಲು ಮೂರು ವಿಷಯ ಮನೆಯಲ್ಲಿ ಕೂತು ಮಾತಾಡಿ. ರಜೆ ಯಾವ ತಿಂಗಳು? ಕಾರಿನಲ್ಲಿ ಯಾರ್ಯಾರು ಕೂರುತ್ತಾರೆ? ಗಾಡಿ ಓಡಿಸುವವರು ಒಬ್ಬರೋ ಇಬ್ಬರೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಊರು ತಾನಾಗಿಯೇ ಗೊತ್ತಾಗುತ್ತದೆ.

ರಜೆಯಿಂದ ಶುರು ಮಾಡಿ

ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್–ಮೇ. ಆಗ ನ್ಯೂಜಿಲೆಂಡಿನಲ್ಲಿ ಎಲೆ ಉದುರುವ ಕಾಲ. ಬೆಳಿಗ್ಗೆ ಚಳಿ, ಮಧ್ಯಾಹ್ನ ಹಿತವಾದ ಬಿಸಿಲು, ಬಿಸಿನೀರಿನ ಕೊಳಗಳಿಗೆ ಹೇಳಿ ಮಾಡಿಸಿದ ಹವೆ. ಸಮುದ್ರದಲ್ಲಿ ಈಜುವ ಆಸೆ ಮಾತ್ರ ಬಿಡಬೇಕು. ಐಸ್‌ಲ್ಯಾಂಡಿನಲ್ಲಿ ಮೇ ತಿಂಗಳು ನನ್ನ ಮಟ್ಟಿಗೆ ಒಳ್ಳೆಯ ಆಯ್ಕೆ. ಹಗಲು ತುಂಬಾ ಉದ್ದ, ಜೂನ್–ಜುಲೈನಷ್ಟು ಜನಜಂಗುಳಿ ಇಲ್ಲ, ಪಫಿನ್ ಹಕ್ಕಿಗಳೂ ಬಂದಿರುತ್ತವೆ. ಒಳನಾಡಿನ ಗುಡ್ಡದ ದಾರಿಗಳು ಇನ್ನೂ ಮುಚ್ಚಿರುತ್ತವೆ, ಆದರೆ ಕುಟುಂಬದ ಜೊತೆ ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ. ಹವಾಯಿಗೆ ಏಪ್ರಿಲ್–ಮೇ ಬಲು ಸೊಗಸು.

ದಸರಾ ರಜೆ ಚಿಕ್ಕದು. ಭಾರತದಿಂದ ಹೊರಟರೆ ವಿಮಾನದಲ್ಲೇ ಅರ್ಧ ರಜೆ ಕಳೆಯುತ್ತದೆ. ಡಿಸೆಂಬರ್ ರಜೆ ಅಂದರೆ ಕಣ್ಣುಮುಚ್ಚಿ ನ್ಯೂಜಿಲೆಂಡ್, ಅಲ್ಲಿ ಆಗ ಬೇಸಿಗೆ. ಬಾಡಿಗೆ ಜಾಸ್ತಿ, ರೂಮು ಸಿಗುವುದು ಕಷ್ಟ, ಆದರೂ ಅದೇ ಸರಿ. ಡಿಸೆಂಬರಿನಲ್ಲಿ ಐಸ್‌ಲ್ಯಾಂಡಿಗೆ ಹೋಗಿ ಸ್ವಂತ ಕಾರು ಓಡಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ದಿನಕ್ಕೆ ನಾಲ್ಕೈದು ಗಂಟೆ ಬೆಳಕು, ದಾರಿಯ ಮೇಲೆ ಮಂಜುಗಡ್ಡೆ, ಬಿರುಗಾಳಿ ಬಂದರೆ ರಸ್ತೆಯನ್ನೇ ಮುಚ್ಚುತ್ತಾರೆ. ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕು, ನೋಡುವುದಕ್ಕೇ ಹೋಗುವುದಾದರೆ ರಾಜಧಾನಿ ರೇಕ್ಯವಿಕ್‌ನಲ್ಲಿ ಉಳಿದು ಬಸ್ಸಿನ ಪ್ರವಾಸ ಹಿಡಿಯಿರಿ.

ನ್ಯೂಜಿಲೆಂಡ್: ಮೂರು ತಲೆಮಾರು ಒಂದೇ ಕಾರಿನಲ್ಲಿದ್ದರೆ

ಭಾರತದಿಂದ ಮೊದಲ ಸಲ ಹೊರದೇಶದಲ್ಲಿ ಗಾಡಿ ಓಡಿಸುವವರಿಗೆ ಇದಕ್ಕಿಂತ ಸುಲಭದ ಜಾಗ ಕಡಿಮೆ. ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸುತ್ತಾರೆ, ಸ್ಟಿಯರಿಂಗ್ ಬಲಗಡೆ. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಹೊಸ ಊರು, ಹೊಸ ಫಲಕ, ಹಿಂದಿನ ಸೀಟಿನಲ್ಲಿ ಜಗಳವಾಡುವ ಮಕ್ಕಳು, ಇದೆಲ್ಲದರ ಮಧ್ಯೆ ಬಲಗಡೆ ಓಡಿಸುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕಾಗಿಲ್ಲ ಅನ್ನುವುದು ಸಣ್ಣ ಸಮಾಧಾನವಲ್ಲ.

ದಾರಿಯೂ ಚಿಕ್ಕದು. ಆಕ್ಲೆಂಡ್, ಅಲ್ಲಿಂದ ಕೊರೊಮಂಡಲ್ ತೀರದ ವಿಟಿಯಾಂಗ, ಮೌಂಟ್ ಮೌಂಗನುಯಿ, ರೊಟೊರುವ, ಟೌಪೊ, ಟೊಂಗಾರಿರೊ, ಮತ್ತೆ ಆಕ್ಲೆಂಡ್. ಎಲ್ಲ ಸೇರಿದರೆ ಸುಮಾರು ಸಾವಿರ ಕಿಲೋಮೀಟರ್. ರೊಟೊರುವದಿಂದ ಟೌಪೊಗೆ ಒಂದೇ ಗಂಟೆ. ಚಿಕ್ಕ ಮಕ್ಕಳಿದ್ದರೆ ಈ ಒಂದೊಂದು ಗಂಟೆಯ ದಾರಿಗಳ ಬೆಲೆ ಗೊತ್ತಾಗುತ್ತದೆ. ಕೊರೊಮಂಡಲ್ ರಸ್ತೆ ಮಾತ್ರ ಸುತ್ತು ಸುತ್ತು, ನಮ್ಮ ಘಾಟಿ ರಸ್ತೆಯ ಥರ. ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಹೊಟ್ಟೆ ತುಂಬಾ ತಿನ್ನಿಸಿ ಹೊರಡಬೇಡಿ.

ಆಕ್ಲೆಂಡ್ ಊರೇ ಸುಮಾರು 50 ಸಣ್ಣ ಜ್ವಾಲಾಮುಖಿಗಳ ಮೇಲೆ ಕೂತಿದೆ. ಊರಿನ ಮಧ್ಯದ ಮೌಂಗವಾವ್ ಗುಡ್ಡ ಹತ್ತಿದರೆ ಮೇಲೆ ಹುಲ್ಲು ಬೆಳೆದ ದೊಡ್ಡ ಕುಳಿ ಕಾಣುತ್ತದೆ, ಅದರಾಚೆ ಬಂದರು. ಮಕ್ಕಳಿಗೆ ಜ್ವಾಲಾಮುಖಿಯ ಬಾಯಿ ಹೇಗಿರುತ್ತದೆ ಅಂತ ತೋರಿಸಲು ಮೊದಲ ದಿನಕ್ಕೆ ಇಷ್ಟು ಸಾಕು.

ಕೊರೊಮಂಡಲ್‌ನ ಹಾಟ್ ವಾಟರ್ ಬೀಚ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಡೀ ಪ್ರವಾಸದಲ್ಲಿ ಮಕ್ಕಳು ಮರೆಯದ ಜಾಗ ಇದೇ ಆಗುತ್ತದೆ. ಸಮುದ್ರದ ಇಳಿತದ ಹೊತ್ತಿಗೆ, ಅದಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ನಂತರದ ತನಕ, ಮರಳಿನ ಒಂದು ಭಾಗದಲ್ಲಿ ಗುಂಡಿ ತೋಡಿದರೆ ಕೆಳಗಿನಿಂದ ಬಿಸಿನೀರು ಬರುತ್ತದೆ. ಸಲಿಕೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಎಲ್ಲೆಂದರಲ್ಲಿ ತೋಡಿದರೆ ಬರುವುದಿಲ್ಲ. ಕಾಲಿನಿಂದ ಮರಳು ಕೆದಕುತ್ತಾ ಬಿಸಿ ತಾಗುವ ಜಾಗ ಹುಡುಕಬೇಕು. ಕೆಲವು ಕಡೆ ನೀರು 60 ಡಿಗ್ರಿ ದಾಟುತ್ತದೆ, ಹಾಗಾಗಿ ಕೈ ಇಟ್ಟು ನೋಡದೆ ಮಗುವನ್ನು ಕೂರಿಸಬೇಡಿ. ಮರಳಿನ ಕಟ್ಟೆ ಒಡೆದು ಸಮುದ್ರದ ತಣ್ಣೀರು ಸ್ವಲ್ಪ ಒಳಗೆ ಬಿಟ್ಟುಕೊಂಡು ಹದ ಮಾಡಿಕೊಳ್ಳುತ್ತಾರೆ, ಹಂಡೆಯ ನೀರು ಬೆರೆಸಿದ ಹಾಗೆ. ಸಮುದ್ರಕ್ಕೆ ಇಳಿಯುವುದು ಬೇಡ, ಅಲ್ಲಿ ಸೆಳೆತ ಅಪಾಯದ್ದು. ಇಳಿತದ ಸಮಯ ನೋಡಿಕೊಂಡೇ ಆ ದಿನದ ಉಳಿದ ಕೆಲಸ ಹೊಂದಿಸಿ, ಇಲ್ಲದಿದ್ದರೆ ಅಷ್ಟು ದೂರ ಹೋಗಿ ಬರೀ ನೀರು ನೋಡಿ ಬರಬೇಕಾಗುತ್ತದೆ.

ಮೌಂಟ್ ಮೌಂಗನುಯಿ ಒಳ್ಳೆಯ ಕಡಲೂರು. ಊರಿನ ತುದಿಯಲ್ಲಿ 232 ಮೀಟರ್ ಎತ್ತರದ ಹಳೆಯ ಜ್ವಾಲಾಮುಖಿ ಗುಡ್ಡ ನಿಂತಿದೆ. ಅದರ ಬುಡದ ಸುತ್ತ ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಗಟ್ಟಿ ಇರುವವರು ಮೇಲೆ ಹತ್ತಲಿ, ದೊಡ್ಡವರು ಬುಡ ಸುತ್ತಲಿ. ಕೆಳಗೆ ಉಪ್ಪುನೀರಿನ ಬಿಸಿ ಕೊಳಗಳಲ್ಲಿ ಎಲ್ಲರೂ ಸೇರಬಹುದು.

ರೊಟೊರುವ ಊರು ಬರುವ ಮುಂಚೆಯೇ ವಾಸನೆ ಬರುತ್ತದೆ, ಕೊಳೆತ ಮೊಟ್ಟೆಯ ಗಂಧಕದ ವಾಸನೆ. ಒಂದು ದಿನ ಕಳೆದರೆ ಮೂಗಿಗೆ ಅಭ್ಯಾಸವಾಗುತ್ತದೆ. ವಕರೇವರೇವ ಎಂಬ ಮಾವೋರಿ (ಅಲ್ಲಿನ ಮೂಲನಿವಾಸಿಗಳ) ಹಳ್ಳಿಯಲ್ಲಿ ಜನ ಇವತ್ತಿಗೂ ನೆಲದ ಹಬೆಯಲ್ಲೇ ಅಡುಗೆ ಮಾಡುತ್ತಾರೆ. ಬಿಸಿನೀರಿನ ಕೊಳದಲ್ಲಿ ಬೇಯಿಸಿದ ಮುಸುಕಿನ ಜೋಳ ತಿನ್ನಲು ಸಿಗುತ್ತದೆ, ಸಸ್ಯಾಹಾರಿ ಅಜ್ಜಿಯೂ ಖುಷಿಯಾಗಿ ತಿನ್ನಬಹುದು. ಪಕ್ಕದಲ್ಲೇ ಪೊಹುಟು ಬುಗ್ಗೆ 30 ಮೀಟರ್ ತನಕ ಚಿಮ್ಮುತ್ತದೆ. ದುಡ್ಡು ಉಳಿಸಬೇಕೆಂದರೆ ಊರೊಳಗಿನ ಕುಯಿರಾವ್ ಪಾರ್ಕಿಗೆ ಹೋಗಿ. ಕುದಿಯುವ ಕೆಸರು, ಹಬೆ, ಎಲ್ಲ ಪುಕ್ಕಟೆ.

ಕಥೆ ಕೇಳುವ ವಯಸ್ಸಿನ ಮಕ್ಕಳಿಗೆ ತರವೇರ ಬೆಟ್ಟದ ಬಗ್ಗೆ ಹೇಳಿ. 1886ರ ಜೂನ್ 10ರಂದು ಅದು ಸಿಡಿದು, ಜಗತ್ತಿನ ಪ್ರವಾಸಿಗರು ಹಡಗು ಹತ್ತಿ ನೋಡಲು ಬರುತ್ತಿದ್ದ ಗುಲಾಬಿ ಮತ್ತು ಬಿಳಿ ಬಣ್ಣದ ಕಲ್ಲಿನ ಮೆಟ್ಟಿಲುಗಳು ಕಾಣದಾದವು. ಹಳ್ಳಿಗಳು ಹೂತುಹೋದವು. ಇದೆಲ್ಲ ಬರೀ ಹಳೆಯ ಮಾತೂ ಅಲ್ಲ. ಇದೇ ತೀರದ ವಕಟಾನೆ ಊರಿನಾಚೆಯ ವಕಾರಿ ದ್ವೀಪ 2019ರ ಡಿಸೆಂಬರ್ 9ರಂದು ಸಿಡಿದು, ನೋಡಲು ಹೋಗಿದ್ದವರೂ ಕರೆದೊಯ್ದವರೂ ಸೇರಿ 22 ಜನ ತೀರಿಕೊಂಡರು. ಆ ದ್ವೀಪಕ್ಕೆ ಇಳಿಯುವ ಪ್ರವಾಸ ಅಲ್ಲಿಗೆ ನಿಂತಿತು.

ಟೊಂಗಾರಿರೊ ದೇಶದ ಮೊದಲ ರಾಷ್ಟ್ರೀಯ ಉದ್ಯಾನ, 1887ರದ್ದು. ಎಲ್ಲರೂ ಮಾತಾಡುವ ಬೆಟ್ಟ ದಾಟುವ ದಾರಿ ಸುಮಾರು 20 ಕಿಲೋಮೀಟರ್, ಪೂರ್ತಿ ಒಂದು ದಿನ ಬೇಕು. ಚಿಕ್ಕ ಮಕ್ಕಳಿದ್ದರೆ ಅದರ ಯೋಚನೆ ಬಿಟ್ಟುಬಿಡಿ. ಉದ್ಯಾನದೊಳಗಿನ ವಕಪಾಪ ಹಳ್ಳಿಯಿಂದ ತರನಾಕಿ ಜಲಪಾತಕ್ಕೆ ಹೋಗಿ ಬರುವ ಎರಡು ಗಂಟೆಯ ನಡಿಗೆ ಸಾಕು. ಹಳೆಯ ಲಾವಾ ಅಂಚಿನಿಂದ ನೀರು ಬೀಳುತ್ತದೆ, ಮೋಡ ಇಲ್ಲದಿದ್ದರೆ ಬೆಟ್ಟಗಳೂ ಕಾಣುತ್ತವೆ.

ಈ ದೇಶದ ಕೊರತೆ ಏನು? ಹರಿಯುವ ಲಾವಾ ಇಲ್ಲ. ಕೆಂಪಗೆ ಕುದಿಯುವುದನ್ನೇ ನೋಡಬೇಕು ಅನ್ನುವ ಹದಿಹರೆಯದವರಿಗೆ ಇಲ್ಲಿ ಸ್ವಲ್ಪ ಸಪ್ಪೆ ಅನ್ನಿಸಬಹುದು.

ಐಸ್‌ಲ್ಯಾಂಡ್: ಇಬ್ಬರು ಡ್ರೈವರ್, ದೊಡ್ಡ ಮಕ್ಕಳು

ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಥರದ ನೆಲ ಬೇರೆ ಎಲ್ಲೂ ಸಿಗಲ್ಲ. ಆದರೆ ಇಲ್ಲಿ ಪ್ರವಾಸ ನಡೆಸುವುದು ನೀವಲ್ಲ, ಹವಾಮಾನ. ಬೆಳಿಗ್ಗೆ ಎದ್ದ ಕೂಡಲೇ ಹವೆ ಮತ್ತು ರಸ್ತೆಯ ಸ್ಥಿತಿ ನೋಡುವುದು ಇಲ್ಲಿನ ಮೊದಲ ಕೆಲಸ.

ದೇಶ ಸುತ್ತುವ ಒಂದನೇ ನಂಬರಿನ ರಸ್ತೆ 1,300 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ವಾರದಲ್ಲಿ ಪೂರ್ತಿ ಸುತ್ತುತ್ತೇವೆ ಅಂತ ಹೊರಡುವ ಕುಟುಂಬಗಳು ಕಾರಿನ ಕಿಟಕಿಯನ್ನಷ್ಟೇ ನೋಡಿ ಬರುತ್ತವೆ. ಮಕ್ಕಳಿದ್ದರೆ ದಕ್ಷಿಣ ತೀರ ಸಾಕು. ರೇಕ್ಯವಿಕ್‌ನಿಂದ ವೀಕ್ ಊರಿಗೆ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಮುಂದೆ ಮಂಜುಗಡ್ಡೆ ತೇಲುವ ಯೋಕುಲ್ಸಾರ್ಲೋನ್ ಸರೋವರದ ತನಕ. ವೀಕ್ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹಸಿರು ಪಾಚಿ ಹೊದ್ದ ಉಬ್ಬುತಗ್ಗಿನ ನೆಲ ಬರುತ್ತದೆ, ಮುಗಿಯುವುದೇ ಇಲ್ಲ. 1783–84ರಲ್ಲಿ ಲಾಕಿ ಎಂಬ ಜ್ವಾಲಾಮುಖಿ ಬಿರುಕುಗಳಿಂದ ಉಕ್ಕಿದ ಲಾವಾ ಅದು. ಪಾಚಿಯ ಮೇಲೆ ಕಾಲಿಡಬೇಡಿ, ಮತ್ತೆ ಬೆಳೆಯಲು ದಶಕಗಳೇ ಬೇಕು. ರಸ್ತೆ ಬಿಟ್ಟು ಗಾಡಿ ಓಡಿಸುವುದು ಕಾನೂನಿನ ಪ್ರಕಾರವೇ ತಪ್ಪು.

ವೀಕ್ ಪಕ್ಕದ ರೇನಿಸ್ಫ್ಯಾರ ಕಪ್ಪು ಮರಳಿನ ಕಡಲತೀರ. ಅಲ್ಲಿನ ಕಲ್ಲಿನ ಕಂಬಗಳನ್ನು ನೋಡಿದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದವರಿಗೆ ತಕ್ಷಣ ಗುರುತು ಸಿಗುತ್ತದೆ. ಎರಡೂ ಕಡೆ ಆಗಿದ್ದು ಒಂದೇ. ಲಾವಾ ನಿಧಾನವಾಗಿ ತಣಿಯುವಾಗ ಕುಗ್ಗಿ, ಬಿರುಕು ಬಿಟ್ಟು, ಹೆಚ್ಚಾಗಿ ಆರು ಮುಖದ ಕಂಬಗಳಾಯಿತು. ಮಲ್ಪೆಯದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಐಸ್‌ಲ್ಯಾಂಡಿನ ಕಲ್ಲು ಅದರ ಮುಂದೆ ಎಳೆಯ ಕೂಸು. ಹೊರಡುವ ಮುಂಚೆ ಮಕ್ಕಳನ್ನು ಒಂದು ಸಲ ಮಲ್ಪೆಗೆ ಕರೆದುಕೊಂಡು ಹೋಗಿ, ಆಮೇಲೆ ಇಲ್ಲಿ ನಿಂತಾಗ ಅವರೇ ನಿಮಗೆ ವಿವರಿಸುತ್ತಾರೆ.

ಆದರೆ ಈ ತೀರದಲ್ಲಿ ಮಗುವಿನ ಕೈ ಬಿಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹತ್ತಾರು ಅಲೆ ಸಾಧಾರಣವಾಗಿ ಬಂದು ಹೋಗುತ್ತವೆ, ಆಮೇಲೆ ಸದ್ದಿಲ್ಲದೆ ಒಂದು ಅಲೆ ದೂರದ ಮರಳಿನ ತನಕ ಓಡಿಬಂದು ಕಾಲು ಕೀಳುತ್ತದೆ. ನೀರು ಕೊರೆಯುವಷ್ಟು ತಣ್ಣಗೆ, ಸೆಳೆತ ಜೋರು. ಇಲ್ಲಿ ಪ್ರವಾಸಿಗರು ಜೀವ ಕಳೆದುಕೊಂಡಿದ್ದಾರೆ. ಪ್ರವೇಶದಲ್ಲೇ ಎಚ್ಚರಿಕೆಯ ದೀಪ ಇದೆ. ಕೆಂಪು ಇದ್ದರೆ ದೂರದಿಂದ ನೋಡಿ ವಾಪಸ್ ಬನ್ನಿ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ.

ಕಡಲೂರು ಮತ್ತು ಜ್ವಾಲಾಮುಖಿ ಎರಡೂ ಒಂದೇ ಕಡೆ ಬೇಕು ಅಂದರೆ ನನ್ನ ಓಟು ವೆಸ್ಟ್‌ಮನ್ನ ದ್ವೀಪಗಳ ಹೇಮೇ ಊರಿಗೆ. ಕಾರನ್ನೂ ಹತ್ತಿಸುವ ದೋಣಿಯಲ್ಲಿ ಲಾಂಡೆಯಾಹೊಪ್ನ್‌ನಿಂದ ಮುಕ್ಕಾಲು ಗಂಟೆಯೊಳಗೆ ಸೇರಬಹುದು. 1973ರ ಜನವರಿ 23ರ ಮಧ್ಯರಾತ್ರಿಯ ಮೇಲೆ ಊರಿನ ಅಂಚಿನಲ್ಲೇ ನೆಲ ಬಿರಿದು ಬೆಂಕಿ ಎದ್ದಿತು. ಹಿಂದಿನ ದಿನ ಬಿರುಗಾಳಿ ಇದ್ದದ್ದರಿಂದ ಮೀನುಗಾರರ ದೋಣಿಗಳೆಲ್ಲ ಬಂದರಿನಲ್ಲೇ ನಿಂತಿದ್ದವು. ಆ ದೋಣಿಗಳಲ್ಲೇ ಐದು ಸಾವಿರ ಚಿಲ್ಲರೆ ಜನರನ್ನು ರಾತ್ರೋರಾತ್ರಿ ದಾಟಿಸಿದರು. ಸುಮಾರು 400 ಮನೆ ಹೋದವು. ಲಾವಾ ಬಂದರಿನ ಬಾಯಿ ಮುಚ್ಚಲು ಬಂದಾಗ ಸಮುದ್ರದ ನೀರನ್ನೇ ಪಂಪ್ ಮಾಡಿ ಅದರ ಮೇಲೆ ಸುರಿದು, ಮುಂದಿನ ಅಂಚು ಗಟ್ಟಿಯಾಗುವ ಹಾಗೆ ಮಾಡಿದರು. ಬಂದರು ಉಳಿಯಿತು. ಬೂದಿಯಿಂದ ಅಗೆದು ತೆಗೆದ ಒಂದು ಮನೆಯ ಸುತ್ತಲೇ ಈಗ ಎಲ್ಡ್‌ಹೇಮರ್ ಮ್ಯೂಸಿಯಂ ಇದೆ. ಅಂದು ಹುಟ್ಟಿದ ಎಲ್ಡ್‌ಫೆಲ್ ಗುಡ್ಡ ಸುಮಾರು 200 ಮೀಟರ್, ಹತ್ತು ವರ್ಷದ ಮಗು ಹತ್ತುತ್ತದೆ. ಬೇಸಿಗೆಯ ಕೊನೆಗೆ ದಾರಿ ತಪ್ಪಿ ಊರಿನ ಬೀದಿಗೆ ಬೀಳುವ ಪಫಿನ್ ಮರಿಗಳನ್ನು ಅಲ್ಲಿನ ಮಕ್ಕಳು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡು ಮರುದಿನ ಸಮುದ್ರಕ್ಕೆ ಹಾರಿಸುತ್ತಾರೆ. ಜಲಪಾತಗಳ ಪಟ್ಟಿಯಲ್ಲಿ ಎರಡು ಕಡಿಮೆಯಾದರೂ ಪರವಾಗಿಲ್ಲ, ಇಲ್ಲಿ ಒಂದು ರಾತ್ರಿ ಉಳಿಯಿರಿ.

ಲಾವಾ ನೋಡುವ ಆಸೆ ಇಲ್ಲಿಗೆ ತರುತ್ತಿದ್ದರೆ ಒಂದು ಮಾತು. ದೇಶದ ನೈರುತ್ಯ ತುದಿಯ ರೇಕ್ಯನೆಸ್ ಭಾಗದಲ್ಲಿ 2021ರಿಂದ ಮತ್ತೆ ಮತ್ತೆ ನೆಲ ಬಿರಿದಿದೆ. 2023ರ ನವೆಂಬರಿನಲ್ಲಿ ಗ್ರಿಂಡವಿಕ್ ಎಂಬ ಇಡೀ ಕಡಲೂರನ್ನೇ ಖಾಲಿ ಮಾಡಿಸಿದರು. ಜನ ಮನೆ ಬಿಟ್ಟು ಹೋದ ಊರು ಅದು. ದಾರಿ ತೆರೆದಿದ್ದರೆ ಮಾತ್ರ, ಅಧಿಕಾರಿಗಳು ಹೇಳಿದ ಜಾಗದಲ್ಲಿ ಮಾತ್ರ ನಿಂತು ನೋಡಿ.

ಗಾಡಿಯ ವಿಷಯದಲ್ಲಿ ಇನ್ನೆರಡು ಮಾತು. ಬಲಗಡೆಯ ಸಂಚಾರ. ಅಲ್ಲಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆ ಬರುತ್ತದೆ, ಹತ್ತಿರ ಇರುವವರು ಮೊದಲು ಹೋಗುವುದು ಅಲ್ಲಿನ ರೂಢಿ. ಬಾಗಿಲು ತೆಗೆಯುವಾಗ ಗಾಳಿ ಕಿತ್ತುಕೊಂಡು ಹಿಂದಕ್ಕೆ ಮಡಚುತ್ತದೆ. ಹಾಗೆ ಹಾಳಾದ ಬಾಗಿಲಿಗೆ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ. ಮಕ್ಕಳು ತಾವೇ ಬಾಗಿಲು ತೆಗೆಯದ ಹಾಗೆ ಲಾಕ್ ಹಾಕಿ. ಇಲ್ಲಿಗೆ ಷೆಂಗೆನ್ ವೀಸಾ ಬೇಕು, ಬೇಸಿಗೆಗೆ ಹೋಗುವುದಾದರೆ ಅರ್ಜಿ ಬೇಗ ಹಾಕಿ.

ಹವಾಯಿ: ಅಮೆರಿಕದಲ್ಲಿರುವ ಕನ್ನಡಿಗರಿಗೆ

ಬೆಂಗಳೂರಿನಿಂದ ಬರೀ ಇದಕ್ಕೆಂದೇ ಹೋಗುವುದು ನನಗೆ ಅಷ್ಟು ಸರಿ ಕಾಣಲ್ಲ. ದೂರ ವಿಪರೀತ, ಅಮೆರಿಕದ ವೀಸಾ ಬೇರೆ. ಆದರೆ ಕ್ಯಾಲಿಫೋರ್ನಿಯ, ಸಿಯಾಟಲ್ ಕಡೆ ಇರುವವರಿಗೆ ಐದಾರು ಗಂಟೆಯ ವಿಮಾನ, ಅಷ್ಟೆ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ.

ಇಲ್ಲಿಯ ದೊಡ್ಡ ಅನುಕೂಲ ಅಂದರೆ ಎಲ್ಲವೂ ಹತ್ತಿರ. ದ್ವೀಪದ ಸುತ್ತಿನ ರಸ್ತೆ ಸುಮಾರು 350 ಕಿಲೋಮೀಟರ್. ಪಶ್ಚಿಮದ ಕೋನಾ ಒಣಗಿದ ಬಿಸಿಲಿನ ಊರು, ಪೂರ್ವದ ಹೀಲೋ ಮಳೆಯೂರು. ಎರಡು ಕಡೆಯೂ ಎರಡೆರಡು ರಾತ್ರಿ ಉಳಿದರೆ ರೂಮು ಪದೇ ಪದೇ ಬದಲಿಸುವ ಗೋಳು ಇಲ್ಲ.

ಕಿಲೌಯ ಜ್ವಾಲಾಮುಖಿ ಇರುವ ರಾಷ್ಟ್ರೀಯ ಉದ್ಯಾನದಲ್ಲಿ ಚೈನ್ ಆಫ್ ಕ್ರೇಟರ್ಸ್ ಎಂಬ ರಸ್ತೆ ಇದೆ. ಇದನ್ನು ಬಿಡಬೇಡಿ. ತಂಪು ಕಾಡಿನಿಂದ ಶುರುವಾಗಿ 30 ಕಿಲೋಮೀಟರಿನಲ್ಲಿ ಸಾವಿರ ಮೀಟರಿಗೂ ಜಾಸ್ತಿ ಇಳಿದು ಸಮುದ್ರ ಮುಟ್ಟುತ್ತದೆ. ಇಳಿಯುತ್ತಾ ಹೋದ ಹಾಗೆ ಮರ ಕಡಿಮೆಯಾಗುತ್ತದೆ, ಕಪ್ಪು ಜಾಸ್ತಿಯಾಗುತ್ತದೆ. ಒಂದು ಕಡೆ ಲಾವಾ ಹಗ್ಗ ಸುತ್ತಿಟ್ಟ ಹಾಗೆ ನುಣ್ಣಗೆ ಮಡಚಿಕೊಂಡು ನಿಂತಿದ್ದರೆ, ಪಕ್ಕದಲ್ಲೇ ಇನ್ನೊಂದು ಹರಿವು ಚೂಪು ಚೂಪಾಗಿ ಒಡೆದು ಬಿದ್ದಿರುತ್ತದೆ. ರಸ್ತೆ ಕಡಲಂಚಿನ ಹೋಲೇ ಎಂಬ ಕಲ್ಲಿನ ಕಮಾನಿನ ಹತ್ತಿರ ನಿಲ್ಲುತ್ತದೆ, ಮುಂದಿನ ಭಾಗ ಲಾವಾದ ಕೆಳಗಿದೆ. ದಾರಿಯಲ್ಲಿ ಪೆಟ್ರೋಲು, ಊಟ ಏನೂ ಸಿಗಲ್ಲ. ಕೆಳಗೆ ಬಿಸಿಲು, ಮೇಲೆ ಸುಮಾರು 1,200 ಮೀಟರಿನಲ್ಲಿ ಚಳಿ. ಸ್ವೆಟರು ಕಾರಿನಲ್ಲೇ ಇರಲಿ.

ಕೆಂಪು ಲಾವಾ ಕಾಣುವ ಸಾಧ್ಯತೆ ಮೂರರಲ್ಲಿ ಇಲ್ಲೇ ಹೆಚ್ಚು. 2024ರ ಡಿಸೆಂಬರಿನಲ್ಲಿ ಕಿಲೌಯದಲ್ಲಿ ಶುರುವಾದ ಲಾವಾ ಕಾರಂಜಿಗಳ ಸರಣಿ 2025ರಲ್ಲೂ ನಡೆಯಿತು. ಆದರೆ ಕೆಲವು ಗಂಟೆ ಚಿಮ್ಮಿ ದಿನಗಟ್ಟಲೆ ಸುಮ್ಮನಿರುವುದು ಅದರ ರೀತಿ. ಟಿಕೆಟ್ ತೆಗೆಸುವುದನ್ನು ಅದರ ಮೇಲೆ ನಿಲ್ಲಿಸಬೇಡಿ. ಉದ್ಯಾನದ ಹತ್ತಿರವೇ ಉಳಿದುಕೊಂಡರೆ, ಚಿಮ್ಮಿದ ಸುದ್ದಿ ಬಂದ ಕೂಡಲೇ ರಾತ್ರಿಯಾದರೂ ಹೋಗಿ ನೋಡಬಹುದು.

ಪುನಲೂ ಎಂಬ ಕಪ್ಪು ಮರಳಿನ ತೀರದಲ್ಲಿ ಹಸಿರು ಕಡಲಾಮೆಗಳು ಬಂದು ಬಿಸಿಲು ಕಾಯುತ್ತವೆ. ಮೂರು ಮೀಟರ್ ದೂರ ನಿಂತು ನೋಡುವುದು ನಿಯಮ. ಕೋನಾದ ಇಳಿಜಾರಿನಲ್ಲಿ ಲಾವಾ ಮಣ್ಣಿನ ಕಾಫಿ ತೋಟಗಳಿವೆ. ಕೊಡಗು, ಚಿಕ್ಕಮಗಳೂರಿನವರಿಗೆ ನೆರಳಿನ ಮರಗಳೇ ಕಮ್ಮಿ ಇರುವ ತೋಟ ನೋಡಿ ಆಶ್ಚರ್ಯವಾಗುತ್ತದೆ. ಮೌನ ಕೇಯ ಬೆಟ್ಟದ ತುದಿ 4,207 ಮೀಟರ್. 13 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಸುಮಾರು 2,800 ಮೀಟರಿನಲ್ಲಿರುವ ಸಂದರ್ಶಕರ ಕೇಂದ್ರದಲ್ಲೇ ನಿಲ್ಲಬೇಕು. ನಕ್ಷತ್ರ ನೋಡಲು ಅಷ್ಟು ಎತ್ತರವೇ ಸಾಕು.

ಒಂದು ಎಚ್ಚರಿಕೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಗಾಳಿಯ ಗುಣಮಟ್ಟ ದಿನಾ ನೋಡಿ. ಜ್ವಾಲಾಮುಖಿಯ ಗಂಧಕದ ಹೊಗೆ ಗಾಳಿ ಬೀಸಿದ ಕಡೆ ಮಂಜಿನ ಹಾಗೆ ಕವಿಯುತ್ತದೆ. ಇನ್‌ಹೇಲರ್ ಕೈಯಲ್ಲೇ ಇರಲಿ, ಹೊಗೆ ಜಾಸ್ತಿ ಇದ್ದರೆ ದ್ವೀಪದ ಇನ್ನೊಂದು ಬದಿಗೆ ಹೋಗಿ.

ಯೂರೋಪಿನಲ್ಲೇ ಇದ್ದರೆ

ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿರುವ ಕುಟುಂಬಗಳು ಇಟಲಿಯ ಸಿಸಿಲಿ ದ್ವೀಪವನ್ನೂ ಯೋಚಿಸಬಹುದು. ಎಟ್ನಾ ಬೆಟ್ಟದ 1,900 ಮೀಟರ್ ತನಕ ಕಾರು ಹೋಗುತ್ತದೆ, ಅಲ್ಲಿಂದ ಕೇಬಲ್ ಕಾರು. ಕೆಳಗಿನ ಕಟಾನಿಯ ಊರನ್ನು ಕಪ್ಪು ಲಾವಾ ಕಲ್ಲಿನಲ್ಲೇ ಕಟ್ಟಿದ್ದಾರೆ. ಬದನೆಕಾಯಿ ಪಾಸ್ತಾ ಅಲ್ಲಿಯ ಊರಿನ ಅಡುಗೆ, ಹಾಗಾಗಿ ಸಸ್ಯಾಹಾರಿಗಳಿಗೆ ತೊಂದರೆಯೇ ಇಲ್ಲ. ಖರ್ಚೂ ಐಸ್‌ಲ್ಯಾಂಡಿಗಿಂತ ಎಷ್ಟೋ ಕಡಿಮೆ. ಹಳೆಯ ಊರುಗಳ ಓಣಿಯೊಳಗೆ ಮಾತ್ರ ಕಾರು ನುಗ್ಗಿಸಬೇಡಿ, ಹೊರಗಿನವರ ಗಾಡಿಗೆ ನಿಷೇಧವಿರುವ ಬೀದಿಗಳಲ್ಲಿ ಕ್ಯಾಮೆರಾ ಇರುತ್ತದೆ.

ಊಟ, ಸೀಟು, ಬುಕಿಂಗ್

ಎಲ್ಲೇ ಹೋದರೂ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಐಸ್‌ಲ್ಯಾಂಡಿನಲ್ಲಿ ಇದು ಸೌಕರ್ಯದ ಮಾತಲ್ಲ, ಅಗತ್ಯ. ಹೊರಗಿನ ಊಟ ತುಂಬಾ ದುಬಾರಿ, ಸಣ್ಣ ಊರಿನಲ್ಲಿ ಸಸ್ಯಾಹಾರ ಸಿಗುವುದೂ ಕಷ್ಟ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ರವೆ ಇದ್ದರೆ ದಿನ ಸರಾಗವಾಗಿ ಸಾಗುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಸ್ಕಿರ್ ಸಿಗುತ್ತದೆ, ಗಟ್ಟಿ ಮೊಸರಿನ ಹಾಗಿರುತ್ತದೆ. ಕೆಲವದರಲ್ಲಿ ಹಾಲು ಹೆಪ್ಪುಗಟ್ಟಿಸಲು ಹಾಕುವ ಪ್ರಾಣಿಜನ್ಯ ರೆನೆಟ್ ಇರಬಹುದು, ಡಬ್ಬದ ಮೇಲೆ ಓದಿ.

ನ್ಯೂಜಿಲೆಂಡಿಗೆ ತಿಂಡಿ ಒಯ್ಯುವಾಗ ಇನ್ನೂ ಹುಷಾರು. ಏನೇ ತಂದಿದ್ದರೂ ಫಾರಮ್ಮಿನಲ್ಲಿ ಹೇಳಿಬಿಡಿ. ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಹಸಿ ಕರಿಬೇವು, ಜೇನುತುಪ್ಪ, ಮನೆಯಲ್ಲಿ ಮಾಡಿದ ಹಾಲಿನ ಸಿಹಿ ಒಯ್ಯಲೇಬೇಡಿ. ಆಕ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ಬೀದಿಯಲ್ಲಿ ನಮ್ಮ ಅಂಗಡಿಗಳು ಸಾಲಾಗಿವೆ, ಬೇಳೆ ಮಸಾಲೆ ಅಲ್ಲೇ ಕೊಳ್ಳಿ. ನ್ಯೂಜಿಲೆಂಡಿನ ನೈಸರ್ಗಿಕ ಬಿಸಿನೀರಿನ ಕೊಳಗಳಲ್ಲಿ ಮಕ್ಕಳು ತಲೆ ಮುಳುಗಿಸದ ಹಾಗೆ ನೋಡಿಕೊಳ್ಳಿ. ಮೂಗಿನ ಮೂಲಕ ಅಮೀಬಾ ಸೋಂಕು ತಗುಲುವ ಅಪಾಯ ಅಪರೂಪವಾದರೂ ಇದೆ.

ಮಕ್ಕಳ ಸೀಟು ಎಲ್ಲ ಕಡೆಯೂ ಕಡ್ಡಾಯ. ನ್ಯೂಜಿಲೆಂಡಿನಲ್ಲಿ ಏಳು ವರ್ಷ ತುಂಬುವ ತನಕ, ಐಸ್‌ಲ್ಯಾಂಡಿನಲ್ಲಿ 135 ಸೆಂಟಿಮೀಟರಿಗಿಂತ ಕಡಿಮೆ ಎತ್ತರದವರಿಗೆ. ಕಾರು ಬುಕ್ ಮಾಡುವಾಗಲೇ ಕೇಳಿ ಹಾಕಿಸಿ. ಆಟೋಮ್ಯಾಟಿಕ್ ಗಾಡಿಯನ್ನೇ ಹಿಡಿಯಿರಿ, ಅದರಲ್ಲೂ ಬಲಗಡೆ ಓಡಿಸುವ ದೇಶದಲ್ಲಿ ಬಲಗೈಗೆ ಗೇರ್ ಹಾಕುವ ಕೆಲಸ ಇಲ್ಲದಿದ್ದರೆ ಒಳ್ಳೆಯದು. ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಬುಕಿಂಗಿನಲ್ಲಿ ಮೊದಲು ಕಾರು, ಆಮೇಲೆ ಸಣ್ಣ ಊರಿನ ಮನೆ, ದೊಡ್ಡ ಊರಿನ ಹೋಟೆಲು ಕೊನೆಗೆ. ವೀಕ್, ಹೇಮೇ, ವಿಟಿಯಾಂಗದಂಥ ಕಡೆ ರೂಮುಗಳೇ ಕಮ್ಮಿ, ರಜೆಯ ತಿಂಗಳಲ್ಲಿ ಬೇಗ ಖಾಲಿಯಾಗುತ್ತವೆ.